ಆರು ಬಿಂದುವಿನ ಗ್ರಾಫು ಬಿಡಿಸಿದರೆ ಆಲ್ಗಾರಿದಮ್ ಬಂದಂತಲ್ಲ: ಅಧ್ಯಯನ ಮಂಡಳಿಗೆ ಒಂದು ಬಹಿರಂಗ ಪತ್ರ

ಗೆ,
ಅಧ್ಯಕ್ಷರು ಮತ್ತು ಸದಸ್ಯರು, ಗಣಕವಿಜ್ಞಾನ ಅಧ್ಯಯನ ಮಂಡಳಿ,
ಹಾಗೂ ಕಾರವಾರದಿಂದ ಭಟ್ಕಳದವರೆಗಿನ, ಘಟ್ಟದ ಮೇಲೆ ಶಿರಸಿ, ಯಲ್ಲಾಪುರ, ಹಳಿಯಾಳ ಕಡೆಯ ಕಾಲೇಜುಗಳ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ಸಿಲಬಸ್ ಪರಿಷ್ಕರಣೆ ಎಂದೊಡನೆ ಹೊಸತೇನು ಸೇರಿಸೋಣ ಎಂಬ ಮಾತೇ ಮೊದಲು ಏಳುತ್ತದೆ. ನಾವು ಕೇಳುತ್ತಿರುವುದು ಅದನ್ನಲ್ಲ. ಆಲ್ಗಾರಿದಮ್ (ಲೆಕ್ಕ ಬಿಡಿಸುವ ಹೆಜ್ಜೆಗಳ ಕ್ರಮ) ವಿನ್ಯಾಸ ಮತ್ತು ವಿಶ್ಲೇಷಣೆಯ ಪತ್ರಿಕೆಯಲ್ಲಿ ಈಗಿರುವ ವಿಷಯಗಳೇ ಸಾಕು, ನಿಜ ಹೇಳಬೇಕೆಂದರೆ ತುಸು ಹೆಚ್ಚೇ ಇವೆ. ಬದಲಾಗಬೇಕಾದದ್ದು ಪ್ರಶ್ನೆಪತ್ರಿಕೆ, ಲ್ಯಾಬು, ಮತ್ತು ಸೆಮಿಸ್ಟರಿನ ಕೊನೆಯಲ್ಲಿ ಓಡೋಡಿ ಮುಗಿಸುವ ಎನ್‌ಪಿ (ಉತ್ತರ ಕೊಟ್ಟರೆ ಬೇಗ ಪರಿಶೀಲಿಸಬಹುದಾದ ಲೆಕ್ಕಗಳ ವರ್ಗ) ಮಾಡ್ಯೂಲು. ಈ ಪತ್ರ ಬರೆಯುತ್ತಿರುವವರಲ್ಲಿ ಈ ವಿಷಯ ಕಲಿಸುವವರಿದ್ದಾರೆ, ಇದೇ ಜಿಲ್ಲೆಯಲ್ಲಿ ಕಲಿತು ಕೆಲಸಕ್ಕೆ ಸೇರಿದವರಿದ್ದಾರೆ. ಬೇಡಿಕೆಯ ಜೊತೆಗೆ ಮಾಡುವ ಬಗೆಯನ್ನೂ ಬರೆದಿದ್ದೇವೆ.

'ಕೊಟ್ಟಿರುವ ಗ್ರಾಫಿಗೆ ಪ್ರಿಮ್ ಆಲ್ಗಾರಿದಮ್ ಬಳಸಿ ಮಿನಿಮಮ್ ಸ್ಪ್ಯಾನಿಂಗ್ ಟ್ರೀ ಕಂಡುಹಿಡಿಯಿರಿ' ಎಂಬ ಹತ್ತು ಅಂಕದ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಆರು ನೋಡು (ಗ್ರಾಫಿನ ಬಿಂದು), ಒಂಬತ್ತೋ ಹತ್ತೋ ಎಡ್ಜು (ಎರಡು ಬಿಂದು ಜೋಡಿಸುವ ಗೆರೆ), ಪ್ರತಿ ಎಡ್ಜಿಗೂ ಒಂದು ತೂಕ. ಎಲ್ಲ ನೋಡುಗಳನ್ನೂ ಅತಿ ಕಡಿಮೆ ಮೊತ್ತದಲ್ಲಿ, ಸುತ್ತು ಬಾರದಂತೆ ಜೋಡಿಸುವ ಎಡ್ಜುಗಳೇ ಆ ಟ್ರೀ. ವಿದ್ಯಾರ್ಥಿಗಳು ಟೇಬಲ್ ಹಾಕುತ್ತಾರೆ, ಟ್ರೀ ಬಿಡಿಸುತ್ತಾರೆ, ಮೊತ್ತ ಬರೆದು ಸುತ್ತ ಚೌಕ ಹಾಕುತ್ತಾರೆ. ಪೂರ್ತಿ ಅಂಕ. ಮುಂದಿನ ಸಲ ಪ್ರಿಮ್ ಬದಲು ಅದೇ ಕೆಲಸದ ಕ್ರುಸ್ಕಲ್, ಅದರ ಮುಂದಿನ ಸಲ ಕನಿಷ್ಠ ದಾರಿ ಹುಡುಕುವ ಡೈಕ್‌ಸ್ಟ್ರಾ. ಕಂಪ್ಯೂಟರ್ ಮಾಡಬೇಕಾದ ಕೆಲಸವನ್ನು ಕೈಯಿಂದ ಮಾಡಿ ತೋರಿಸಿದ್ದಕ್ಕೆ ಕೊಡುವ ಅಂಕ ಅದು. ಮನುಷ್ಯ ಮಾಡಬೇಕಾದದ್ದು ಬೇರೆ: ಈ ವಿಧಾನ ಯಾಕೆ ಸರಿ, ಎಲ್ಲಿ ಕೈಕೊಡುತ್ತದೆ, ಎಷ್ಟು ದೊಡ್ಡ ಇನ್‌ಪುಟ್‌ವರೆಗೆ ಓಡೀತು ಎಂದು ಹೇಳುವುದು. ಅದನ್ನು ಪತ್ರಿಕೆ ಕೇಳುವುದೇ ಇಲ್ಲ. ಕೇಳದ್ದನ್ನು ಯಾರೂ ಓದುವುದೂ ಇಲ್ಲ.

ಅದೇ ಹುಡುಗರಿಗೆ ಇನ್ನೊಂದು ಪ್ರಶ್ನೆ ಕೊಟ್ಟು ನೋಡಿ. 'ಕೆಲವು ಎಡ್ಜುಗಳ ತೂಕ ಋಣಸಂಖ್ಯೆ. ಎಲ್ಲಕ್ಕೂ ಒಂದೇ ಮೊತ್ತ ಕೂಡಿಸಿ ಧನ ಮಾಡಿಕೊಂಡು ಆಲ್ಗಾರಿದಮ್ ಓಡಿಸಿದರೆ ಉತ್ತರ ಸರಿ ಬರುತ್ತದೆಯೇ? ಪ್ರಿಮ್‌ಗೆ ಹೇಳಿ, ಡೈಕ್‌ಸ್ಟ್ರಾಗೆ ಹೇಳಿ.' ಉತ್ತರ ನಾಲ್ಕು ಸಾಲಿನದು. ಎನ್ ನೋಡಿನ ಯಾವುದೇ ಸ್ಪ್ಯಾನಿಂಗ್ ಟ್ರೀಯಲ್ಲಿ ಎಡ್ಜುಗಳು ಎನ್‌ಗೆ ಒಂದು ಕಮ್ಮಿ. ಹಾಗಾಗಿ ಎಲ್ಲ ಟ್ರೀಗಳ ಮೊತ್ತವೂ ಒಂದೇ ಪ್ರಮಾಣದಲ್ಲಿ ಏರುತ್ತದೆ, ಕನಿಷ್ಠದ್ದು ಕನಿಷ್ಠವಾಗಿಯೇ ಉಳಿಯುತ್ತದೆ. (ಪ್ರಿಮ್‌ಗೆ ಈ ಕೂಡಿಸುವ ಕೆಲಸವೇ ಬೇಕಿಲ್ಲ, ಋಣ ತೂಕವಿದ್ದರೂ ಅದು ಸರಿಯಾಗಿಯೇ ಓಡುತ್ತದೆ.) ದಾರಿಗಳ ವಿಷಯ ಹಾಗಲ್ಲ. ಒಂದು ದಾರಿಯಲ್ಲಿ ಒಂದೇ ಎಡ್ಜು, ಇನ್ನೊಂದರಲ್ಲಿ ಎರಡು ಇರಬಹುದು. ಅ-ಯಿಂದ ಬ-ಗೆ ನೇರ 2, ಅ-ಯಿಂದ ಕ-ಗೆ 5, ಕ-ಯಿಂದ ಬ-ಗೆ ಋಣ 4 ಎಂದಿಟ್ಟುಕೊಳ್ಳಿ. ಕ ಮೂಲಕ ಹೋದರೆ 1, ಅದೇ ಕನಿಷ್ಠ. ಡೈಕ್‌ಸ್ಟ್ರಾ ಬ-ಯನ್ನು 2ಕ್ಕೇ ಖಾಯಂ ಮಾಡಿ ಮುಂದೆ ಹೋಗುತ್ತದೆ. ಎಲ್ಲಕ್ಕೂ 4 ಕೂಡಿಸಿದರೆ ನೇರ ದಾರಿ 6, ಸುತ್ತು ದಾರಿ 9. ತಪ್ಪು ಉತ್ತರ ಇನ್ನಷ್ಟು ಗಟ್ಟಿಯಾಯಿತು ಅಷ್ಟೆ.

ಋಣ ತೂಕ ಬರೀ ಪುಸ್ತಕದ ಬದನೆಕಾಯಿ ಎನ್ನುವವರಿಗೆ ನಮ್ಮ ಜಿಲ್ಲೆಯಲ್ಲೇ ಉದಾಹರಣೆ ಇದೆ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುವ ಎಲೆಕ್ಟ್ರಿಕ್ ಕಾರನ್ನು ನೋಡಿ. ಎಡ್ಜಿನ ತೂಕ ಕಿಲೋಮೀಟರ್ ಅಲ್ಲ, ಬ್ಯಾಟರಿಯಿಂದ ಖರ್ಚಾದ ಕರೆಂಟು. ಇಳಿಜಾರಿನಲ್ಲಿ ಮೋಟರೇ ಜನರೇಟರ್ ಆಗಿ ಬ್ಯಾಟರಿ ತುಂಬುವುದರಿಂದ ಆ ಎಡ್ಜುಗಳ ತೂಕ ಋಣ. ಒಂದೂವರೆ ಟನ್ನಿನ ಕಾರು 500 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 2 ಯೂನಿಟ್. ಅದರಲ್ಲಿ ಒಂದು ಪಾಲು ಬ್ಯಾಟರಿಗೆ ವಾಪಸು. ಡೈಕ್‌ಸ್ಟ್ರಾ ನೇರವಾಗಿ ನಡೆಯದು. ಋಣ ತೂಕವನ್ನೂ ತಾಳುವ ಬೆಲ್‌ಮನ್-ಫೋರ್ಡ್ ವಿಧಾನ ನಡೆಯುತ್ತದೆ, ಆದರೆ ಅದರ ಖರ್ಚು ನೋಡುಗಳ ಸಂಖ್ಯೆಯನ್ನು ಎಡ್ಜುಗಳ ಸಂಖ್ಯೆಯಿಂದ ಗುಣಿಸಿದಷ್ಟು. ಜಿಲ್ಲೆಯ ಪೂರ್ತಿ ರಸ್ತೆ ನಕ್ಷೆಗೆ ಅದು ಭಾರಿಯಾಯಿತು.

ಇಲ್ಲಿ ಎತ್ತರವೇ ಕೈ ಹಿಡಿಯುತ್ತದೆ. ಪ್ರತಿ ಊರಿಗೂ ಅದರ ಎತ್ತರಕ್ಕೆ ತಕ್ಕ ಸ್ಥಿತಿಶಕ್ತಿಯನ್ನು ಲೆಕ್ಕ ಹಾಕಿಡಿ. ಪ್ರತಿ ಎಡ್ಜಿನ ತೂಕಕ್ಕೆ ಹೊರಟ ಊರಿನ ಸ್ಥಿತಿಶಕ್ತಿ ಕೂಡಿಸಿ, ಮುಟ್ಟಿದ ಊರಿನದನ್ನು ಕಳೆಯಿರಿ. ಉಳಿಯುವುದು ಗಾಳಿ, ಟೈರು, ಮೋಟರುಗಳಲ್ಲಿ ಆದ ನಷ್ಟ ಮಾತ್ರ. ನಷ್ಟ ಎಂದೂ ಋಣವಾಗುವುದಿಲ್ಲ. ಯಾವ ದಾರಿ ಹಿಡಿದರೂ ನಡುವಿನ ಊರುಗಳ ಸ್ಥಿತಿಶಕ್ತಿ ಕೂಡಿ ಕಳೆದು ಹೋಗಿ, ಶಿರಸಿ ಮತ್ತು ಕುಮಟಾದ ವ್ಯತ್ಯಾಸ ಮಾತ್ರ ಉಳಿಯುವುದರಿಂದ ಯಾವ ದಾರಿ ಕನಿಷ್ಠ ಎಂಬುದು ಬದಲಾಗುವುದಿಲ್ಲ. ಈಗ ಡೈಕ್‌ಸ್ಟ್ರಾ ಓಡಿಸಿ. ಎಲ್ಲ ಜೋಡಿಗಳ ಕನಿಷ್ಠ ದಾರಿಗೆ ಡೊನಾಲ್ಡ್ ಜಾನ್ಸನ್ 1977ರಲ್ಲಿ ಕೊಟ್ಟ ವಿಧಾನದ ಜೀವಾಳ ಇದೇ. ಅಲ್ಲಿ ಎತ್ತರ ಮೊದಲೇ ಗೊತ್ತಿರುವುದಿಲ್ಲ, ಬೆಲ್‌ಮನ್-ಫೋರ್ಡ್ ಒಮ್ಮೆ ಓಡಿಸಿ ಅದನ್ನು ಹುಟ್ಟಿಸಿಕೊಳ್ಳಬೇಕು. ಹುಷಾರಿನ ವಿದ್ಯಾರ್ಥಿ ಒಂದು ಆಕ್ಷೇಪ ಎತ್ತಿಯೇ ಎತ್ತುತ್ತಾನೆ: ಬ್ಯಾಟರಿ ಮೊದಲೇ ತುಂಬಿದ್ದರೆ ಇಳಿಜಾರಿನ ಚಾರ್ಜು ಎಲ್ಲಿಗೆ ಹೋಯಿತು? ಸರಿಯಾದ ಆಕ್ಷೇಪ. ಆಗ ಎಡ್ಜಿನ ತೂಕ ಬ್ಯಾಟರಿಯ ಮಟ್ಟದ ಮೇಲೆ ನಿಲ್ಲುತ್ತದೆ, ಮಾದರಿಯನ್ನೇ ಬದಲಿಸಬೇಕು. ಇಂಥ ಚರ್ಚೆ ನಡೆದ ಒಂದು ತರಗತಿ ಹತ್ತು ಟ್ರೇಸಿಂಗ್ (ಹೆಜ್ಜೆ ಹೆಜ್ಜೆಯಾಗಿ ಕೈಯಿಂದ ಓಡಿಸಿ ತೋರಿಸುವ) ಲೆಕ್ಕಗಳಿಗಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ.

ಗ್ರೀಡಿ ವಿಧಾನದ (ಪ್ರತಿ ಹೆಜ್ಜೆಯಲ್ಲೂ ಆ ಕ್ಷಣಕ್ಕೆ ಉತ್ತಮವಾಗಿ ಕಂಡದ್ದನ್ನು ಆರಿಸುವುದರ) ಪಾಠದಲ್ಲೂ ಇದೇ ಕತೆ. ಅತಿ ಕಡಿಮೆ ನಾಣ್ಯದಲ್ಲಿ ಚಿಲ್ಲರೆ ಕೊಡುವ ಲೆಕ್ಕವನ್ನು ಎಲ್ಲರೂ ಹೇಳುತ್ತಾರೆ, ದೊಡ್ಡ ನಾಣ್ಯದಿಂದ ಶುರುಮಾಡಿ ಎನ್ನುತ್ತಾರೆ, ಮುಗಿಸುತ್ತಾರೆ. ಈಗಿನ 1, 2, 5, 10, 20, 50, 100, 200, 500 ರೂಪಾಯಿಗಳಿಗೆ ಅದು ಸರಿಯೇ. ಆದರೆ ನಮ್ಮದೇ ದೇಶದಲ್ಲಿ 5, 10, 20, 25 ಪೈಸೆಯ ನಾಣ್ಯಗಳು ಒಟ್ಟೊಟ್ಟಿಗೆ ಚಲಾವಣೆಯಲ್ಲಿದ್ದವು. 40 ಪೈಸೆ ಕೊಡಬೇಕಾದರೆ ಗ್ರೀಡಿ 25, 10, 5 ಎಂದು ಮೂರು ನಾಣ್ಯ ಎಣಿಸುತ್ತದೆ. 20ರ ಎರಡು ಕೊಟ್ಟರೆ ಮುಗಿಯಿತು. 25 ಪೈಸೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳನ್ನು 2011ರ ಜೂನ್ 30ಕ್ಕೆ ಹಿಂತೆಗೆದುಕೊಂಡರು. ಗ್ರೀಡಿ ಸರಿಯೋ ತಪ್ಪೋ ಎಂಬುದು ವಿಧಾನದಲ್ಲಿಲ್ಲ, ಇನ್‌ಪುಟ್ಟಿನ ರಚನೆಯಲ್ಲಿದೆ ಎಂದು ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ?

ಹಾಗಾಗಿ ಗ್ರೀಡಿ ಪ್ರಶ್ನೆ ಎರಡರಲ್ಲಿ ಒಂದು ರೂಪದಲ್ಲಿರಲಿ: ತಪ್ಪೆಂದು ತೋರಿಸುವ ಅತಿ ಸಣ್ಣ ಉದಾಹರಣೆ ಕೊಡಿ, ಇಲ್ಲವೇ ಸರಿಯೆಂದು ಸಾಧಿಸಿ. ಒಂದೇ ಸಭಾಭವನ, ಹತ್ತಾರು ಬುಕಿಂಗ್, ಒಂದರ ಮೇಲೊಂದು ಬೀಳದಂತೆ ಅತಿ ಹೆಚ್ಚು ಕಾರ್ಯಕ್ರಮ ಒಪ್ಪಿಕೊಳ್ಳಬೇಕು. ಅತಿ ಚಿಕ್ಕ ಕಾರ್ಯಕ್ರಮ ಮೊದಲು ಎಂಬ ನಿಯಮ ಯಾಕೆ ಸೋಲುತ್ತದೆ? 8ರಿಂದ 11, 10.30ರಿಂದ 12, 11.30ರಿಂದ 3. ನಡುವಿನ ಒಂದೂವರೆ ತಾಸಿನದನ್ನು ಹಿಡಿದರೆ ಎರಡೂ ಬದಿಯವು ತಪ್ಪಿಹೋಗುತ್ತವೆ. ಬೇಗ ಮುಗಿಯುವುದು ಮೊದಲು ಎಂಬ ನಿಯಮ ಯಾಕೆ ಗೆಲ್ಲುತ್ತದೆ? ಯಾವುದೇ ಉತ್ತಮ ಪಟ್ಟಿಯಲ್ಲಿ ಮೊದಲನೆಯದನ್ನು ತೆಗೆದು ಆ ಜಾಗಕ್ಕೆ ಎಲ್ಲಕ್ಕಿಂತ ಬೇಗ ಮುಗಿಯುವುದನ್ನು ಇಡಿ. ಅದು ಹಳೆಯದಕ್ಕಿಂತ ತಡವಾಗಿ ಮುಗಿಯುವುದಿಲ್ಲ, ಹಾಗಾಗಿ ಮುಂದಿನ ಯಾವುದಕ್ಕೂ ಅಡ್ಡ ಬರುವುದಿಲ್ಲ, ಸಂಖ್ಯೆಯೂ ಕಮ್ಮಿಯಾಗುವುದಿಲ್ಲ. ಉಳಿದ ಕಾರ್ಯಕ್ರಮಗಳ ಮೇಲೆ ಇದನ್ನೇ ಮತ್ತೆ ಮಾಡಿ. ಈ ಮೂರು ವಾಕ್ಯವನ್ನು ಸ್ವಂತ ಮಾತಿನಲ್ಲಿ ಬರೆಯಬಲ್ಲವರಿಗೆ ಗ್ರೀಡಿ ಅರ್ಥವಾಗಿದೆ.

ಇನ್ನು ಲ್ಯಾಬಿನ ವಿಷಯ. ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು, ಯಾಕೆಂದರೆ ಅತಿ ಹೆಚ್ಚು ಸುಳ್ಳು ಸೇರಿಕೊಂಡಿರುವುದು ಇಲ್ಲಿಯೇ. ಎನ್ (ಸಂಖ್ಯೆಗಳ ಎಣಿಕೆ) 5000ಕ್ಕೂ ಮೇಲಿಟ್ಟು ಸಾರ್ಟ್ ಮಾಡಿ (ಏರಿಕೆ ಕ್ರಮದಲ್ಲಿ ಜೋಡಿಸಿ), ಸಮಯ ಅಳೆದು ಗ್ರಾಫ್ ಹಾಕಿ ಎಂಬುದು ಲ್ಯಾಬ್ ಮ್ಯಾನ್ಯುಯಲ್ಲುಗಳ ಮಾಮೂಲು ಸಾಲು. ಉದ್ದೇಶ ಒಳ್ಳೆಯದೇ. ಆದರೆ 5000 ಸಂಖ್ಯೆಗಳ ಮರ್ಜ್ ಸಾರ್ಟ್‌ಗೆ ಬೇಕಾಗುವುದು ಹೆಚ್ಚೆಂದರೆ 60 ಸಾವಿರದ ಆಸುಪಾಸು ಹೋಲಿಕೆ. ಇಂದಿನ ಸಾಧಾರಣ ಲ್ಯಾಪ್‌ಟಾಪಿಗೆ ಅದು ಒಂದು ಮಿಲಿಸೆಕೆಂಡೂ ಹಿಡಿಯದ ಕೆಲಸ. ಮಿಲಿಸೆಕೆಂಡಿನಲ್ಲಿ ಎಣಿಸುವ ಗಡಿಯಾರ 0 ತೋರಿಸುತ್ತದೆ. 0 ಬಂದರೆ ಗ್ರಾಫ್ ಬರುವುದಿಲ್ಲ, ಗ್ರಾಫ್ ಇಲ್ಲದಿದ್ದರೆ ರೆಕಾರ್ಡಿಗೆ ಸಹಿ ಇಲ್ಲ. ಆಮೇಲೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಹಿಂದಿನ ಬ್ಯಾಚಿನ ರೆಕಾರ್ಡಿನಿಂದ ಅಂಕಿಗಳು ಇಳಿಯುತ್ತವೆ. ಕೆಲವರು ಅಳೆಯುವ ಭಾಗದ ಒಳಗೇ ಒಂದು ಖಾಲಿ ಲೂಪ್ ಅಥವಾ ಡಿಲೇ ತುರುಕುತ್ತಾರೆ, ಗ್ರಾಫಿನಲ್ಲಿ ಕಾಣುವುದು ಆ ಡಿಲೇಯ ಸಮಯ.

ಮಾಡಬೇಕಾದದ್ದು ಇಷ್ಟು. ಇನ್‌ಪುಟ್ ಅನ್ನು 1 ಲಕ್ಷದಿಂದ ಶುರುಮಾಡಿ ಪ್ರತಿ ಸಲ ದುಪ್ಪಟ್ಟು ಮಾಡುತ್ತ 64 ಲಕ್ಷದವರೆಗೆ ಹೋಗಲಿ. ಪ್ರತಿ ಗಾತ್ರಕ್ಕೂ ಐದು ಸಲ ಓಡಿಸಿ ನಡುವಿನ ಬೆಲೆ ತೆಗೆದುಕೊಳ್ಳಲಿ. ಸಮಯಕ್ಕಿಂತ ಮುಖ್ಯ ಅನುಪಾತ: ಈ ಸಲದ ಸಮಯವನ್ನು ಹಿಂದಿನದರಿಂದ ಭಾಗಿಸಿದರೆ 2ರ ಹತ್ತಿರ ಬಂದರೆ ರೇಖೀಯ, 4 ಬಂದರೆ ಎನ್ ವರ್ಗ, 8 ಬಂದರೆ ಎನ್ ಘನ. ಎನ್ ಲಾಗ್ ಎನ್‌ಗೆ 1 ಲಕ್ಷದ ಬಳಿ 2.12 ಬರಬೇಕು, ಗಾತ್ರ ಏರಿದಂತೆ 2ರ ಕಡೆಗೆ ಇಳಿಯಬೇಕು. ಸೆಲೆಕ್ಷನ್ ಸಾರ್ಟ್ ಅನ್ನು ಮಾತ್ರ 64 ಲಕ್ಷಕ್ಕೆ ಒಯ್ಯಬೇಡಿ, ಮಧ್ಯಾಹ್ನದ ಲ್ಯಾಬು ರಾತ್ರಿಯಾದರೂ ಮುಗಿಯದು. ಅದಕ್ಕೆ 5 ಸಾವಿರದಿಂದ 80 ಸಾವಿರ ಸಾಕು.

ಎಡವುವ ಜಾಗಗಳನ್ನು ಮೊದಲೇ ಹೇಳಿಕೊಡಬೇಕು. ಸಣ್ಣ ಇನ್‌ಪುಟ್ಟನ್ನು ಸಾವಿರ ಸಲ ಓಡಿಸಿ ಸರಾಸರಿ ತೆಗೆಯುವವರು ಪ್ರತಿ ಸಲವೂ ಮೂಲ ಅರೇಯನ್ನು (ಸಂಖ್ಯೆಗಳ ಸಾಲನ್ನು) ಹೊಸದಾಗಿ ಕಾಪಿ ಮಾಡಿಕೊಳ್ಳಲು ಮರೆಯುತ್ತಾರೆ. ಮೊದಲ ಸಲದ ನಂತರ ಅರೇ ಸಾರ್ಟ್ ಆಗಿಯೇ ಇರುತ್ತದೆ, ಉಳಿದ 999 ಸಲ ಅಳೆದದ್ದು ಬೇರೆಯೇ ಲೆಕ್ಕ. ಸಾರ್ಟ್ ಆದ ಅರೇಯನ್ನು ಪ್ರಿಂಟ್ ಮಾಡುವುದನ್ನೂ ಅಳತೆಯೊಳಗೆ ಸೇರಿಸಿದರೆ ಪ್ರಿಂಟಿನ ಸಮಯವೇ ಎಲ್ಲವನ್ನೂ ನುಂಗುತ್ತದೆ, ಎಲ್ಲ ಸಾರ್ಟುಗಳೂ ರೇಖೀಯವಾಗಿ ಕಾಣುತ್ತವೆ. ಫಲಿತಾಂಶವನ್ನು ಎಲ್ಲೂ ಬಳಸದಿದ್ದರೆ ಆಪ್ಟಿಮೈಸೇಶನ್ ಹಾಕಿದ ಕಂಪೈಲರ್ ಆ ಕೆಲಸವನ್ನೇ ಕಿತ್ತುಹಾಕಬಹುದು. ಕೊನೆಗೆ ಒಂದು ಚೆಕ್‌ಸಮ್ ಪ್ರಿಂಟ್ ಮಾಡಿಸಿ. ರ್‍ಯಾಂಡಮ್ ಸಂಖ್ಯೆಯನ್ನು 100ರಿಂದ ಭಾಗಿಸಿ ಶೇಷ ತೆಗೆದು ಅರೇ ತುಂಬಿಸುವ ಚಾಳಿ ಎಲ್ಲೆಡೆ ಇದೆ. 1 ಲಕ್ಷ ಸಂಖ್ಯೆಯಲ್ಲಿ ಬೇರೆ ಬೇರೆ ಬೆಲೆ ನೂರೇ ಇದ್ದರೆ ಒಂದೊಂದೂ ಸುಮಾರು ಸಾವಿರ ಸಲ ಬರುತ್ತದೆ. ಕ್ವಿಕ್ ಸಾರ್ಟ್ ಒಂದು ಸಂಖ್ಯೆಯನ್ನು ಪಿವೋಟ್ ಎಂದು ಹಿಡಿದು ಅದಕ್ಕಿಂತ ಸಣ್ಣವನ್ನು ಒಂದು ಬದಿಗೆ, ದೊಡ್ಡವನ್ನು ಇನ್ನೊಂದು ಬದಿಗೆ ಹಾಕುತ್ತದೆ, ಇದೇ ಪಾರ್ಟಿಶನ್. ಸಮ ಇರುವುದನ್ನೆಲ್ಲ ಒಂದೇ ಬದಿಗೆ ತಳ್ಳುವ ಪಾರ್ಟಿಶನ್ ಬರೆದ ಕ್ವಿಕ್ ಸಾರ್ಟ್ ಅಲ್ಲಿ ಕುಂಟುತ್ತದೆ.

ಕ್ವಿಕ್ ಸಾರ್ಟಿನ ಅತಿ ಕೆಟ್ಟ ಸ್ಥಿತಿಯನ್ನಂತೂ ಕಣ್ಣಾರೆ ತೋರಿಸಿ. ಮೊದಲ ಅಂಶವೇ ಪಿವೋಟ್, ಮೊದಲೇ ಸಾರ್ಟ್ ಆಗಿರುವ 1 ಲಕ್ಷದ ಅರೇ: ಸುಮಾರು 500 ಕೋಟಿ ಹೋಲಿಕೆ, ರಿಕರ್ಶನ್ (ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದರ) ಆಳ 1 ಲಕ್ಷ. ವಿಂಡೋಸಿನಲ್ಲಿ ಪ್ರೋಗ್ರಾಮಿಗೆ ಸಾಮಾನ್ಯವಾಗಿ ಸಿಗುವ ಸ್ಟ್ಯಾಕ್ (ಈ ಕರೆಗಳ ಲೆಕ್ಕ ಇಡುವ ಮೆಮೊರಿ) 1 ಎಂಬಿ, ಲಿನಕ್ಸಿನಲ್ಲಿ 8. ಅದೇ ಪ್ರೋಗ್ರಾಮು ಒಂದು ಯಂತ್ರದಲ್ಲಿ ನಿಧಾನವಾಗಿ ಮುಗಿದು, ಪಕ್ಕದ ಯಂತ್ರದಲ್ಲಿ ಏನೂ ಹೇಳದೆ ಬಿದ್ದುಹೋಗುವುದು ಈ ಕಾರಣಕ್ಕೆ. ವಿದ್ಯಾರ್ಥಿಗಳು ಕೋಡು ತಪ್ಪಿದೆ ಎಂದು ಇಡೀ ಲ್ಯಾಬ್ ಅವಧಿ ಕಳೆಯುತ್ತಾರೆ. ಚಿಕ್ಕ ಭಾಗದ ಮೇಲೆ ಮಾತ್ರ ರಿಕರ್ಶನ್ ಮಾಡಿ ದೊಡ್ಡದನ್ನು ಲೂಪಿನಲ್ಲಿ ಮುಂದುವರಿಸಿದರೆ ಆಳ ಲಾಗ್ ಎನ್ ದಾಟುವುದಿಲ್ಲ. ಹೋಲಿಕೆಗಳ ಸಂಖ್ಯೆ ಮಾತ್ರ ಅಷ್ಟೇ ಇರುತ್ತದೆ, ಅದಕ್ಕೆ ಪಿವೋಟನ್ನು ರ್‍ಯಾಂಡಮ್ ಆಗಿ ಆರಿಸಬೇಕು.

ಗ್ರಾಫ್ ಪ್ರಯೋಗಗಳಿಗೆ ಜಿಲ್ಲೆಯ ರಸ್ತೆ ನಕ್ಷೆಯನ್ನೇ ಬಳಸಿ. ಓಪನ್‌ಸ್ಟ್ರೀಟ್‌ಮ್ಯಾಪಿನ ದತ್ತಾಂಶ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಮೊದಲ ಪ್ರಶ್ನೆ: ಯಾವ ಒಂದು ರಸ್ತೆ ತುಂಡಾದರೆ ಜಿಲ್ಲೆಯ ಒಂದು ಭಾಗಕ್ಕೆ ಸಂಪರ್ಕವೇ ತಪ್ಪುತ್ತದೆ? 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದನ್ನು ಕಂಡ ನಮ್ಮ ಹುಡುಗರಿಗೆ ಇದು ಯಾಕೆ ಬೇಕು ಎಂದು ಬಿಡಿಸಿ ಹೇಳಬೇಕಿಲ್ಲ. ಒಂದೊಂದೇ ಎಡ್ಜು ತೆಗೆದು ಪ್ರತಿ ಸಲ ಗ್ರಾಫು ಪೂರ್ತಿ ಸುತ್ತುವುದು ಮೊದಲು ಹೊಳೆಯುವ ದಾರಿ. ಹಾಪ್‌ಕ್ರಾಫ್ಟ್ ಮತ್ತು ಟಾರ್ಜನ್ 1973ರಲ್ಲಿ ಪ್ರಕಟಿಸಿದ, ಡೆಪ್ತ್ ಫಸ್ಟ್ ಸರ್ಚ್ (ಒಂದೇ ದಾರಿ ಹಿಡಿದು ಕೊನೆ ಮುಟ್ಟಿ ಹಿಂದಿರುಗುವ ಹುಡುಕಾಟ) ಆಧಾರದ ವಿಧಾನಗಳ ಜಾಡು ಹಿಡಿದರೆ ಒಂದೇ ಸುತ್ತಿನಲ್ಲಿ ಎಲ್ಲವೂ ಸಿಗುತ್ತವೆ. ಇಲ್ಲಿ ಕಾಲು ಜಾರುವುದು ಎರಡು ಕಡೆ. ರಸ್ತೆ ನಕ್ಷೆಯಲ್ಲಿ ತಿರುವಿಗೊಂದು ನೋಡ್ ಇರುವುದರಿಂದ ಸಾವಿರಾರು ನೋಡುಗಳ ಉದ್ದನೆಯ ಸರಪಳಿಗಳಿರುತ್ತವೆ, ಘಟ್ಟದ ರಸ್ತೆಯಲ್ಲಂತೂ ಕೇಳುವುದೇ ಬೇಡ. ರಿಕರ್ಶನ್ ಬರೆದವರ ಸ್ಟ್ಯಾಕ್ ತುಂಬುತ್ತದೆ. ಎರಡನೆಯದು, ಬಂದ ದಾರಿಗೆ ವಾಪಸು ಹೋಗಬಾರದೆಂದು ತಾಯಿ ನೋಡಿನ ಹೆಸರು ನೋಡಿ ತಡೆಯುವುದು. ಎರಡು ಜಾಗಗಳ ನಡುವೆ ಹಳೇ ಸೇತುವೆ, ಹೊಸ ಸೇತುವೆ ಎರಡೂ ಇದ್ದರೆ ಈ ತಪಾಸಣೆ ಎರಡನೆಯದನ್ನೂ ತಡೆದು, ಪರ್ಯಾಯವಿದ್ದರೂ ಇಲ್ಲವೆಂದು ಹೇಳಿಬಿಡುತ್ತದೆ. ನೋಡಿನ ಬದಲು ಎಡ್ಜಿನ ಕ್ರಮಸಂಖ್ಯೆ ನೋಡಿ ತಡೆಯಬೇಕು. ಗ್ರಾಫ್ ಬರೆದಿಡಲು ಮ್ಯಾಟ್ರಿಕ್ಸ್ (ಪ್ರತಿ ಜೋಡಿ ನೋಡಿಗೊಂದು ಮನೆ) ಯಾಕೆ ಬೇಡ, ಲಿಸ್ಟ್ (ಇರುವ ಎಡ್ಜುಗಳ ಪಟ್ಟಿ) ಯಾಕೆ ಬೇಕು ಎಂಬ ಪ್ರಶ್ನೆಗೂ ಇಲ್ಲೇ ಉತ್ತರ ಸಿಗುತ್ತದೆ: 1 ಲಕ್ಷ ನೋಡಿಗೆ ಮ್ಯಾಟ್ರಿಕ್ಸಿನ ಮನೆಗಳು 1000 ಕೋಟಿ.

ಮಳೆಗಾಲದಲ್ಲಿ ಕರೆಂಟೂ ಇಂಟರ್ನೆಟ್ಟೂ ಕಣ್ಣಾಮುಚ್ಚಾಲೆ ಆಡುವ ಊರುಗಳಲ್ಲಿ ಆನ್‌ಲೈನ್ ಜಡ್ಜ್‌ಗಳನ್ನು (ಕೋಡನ್ನು ತಾವೇ ಪರೀಕ್ಷಿಸುವ ತಾಣಗಳನ್ನು) ನಂಬಿ ಕೂರುವಂತಿಲ್ಲ. ಲ್ಯಾಬಿನ ಒಂದು ಯಂತ್ರದಲ್ಲಿ ಟೆಸ್ಟ್ ಕೇಸುಗಳನ್ನಿಟ್ಟು, ಎರಡು ಸೆಕೆಂಡಿನ ಟೈಮ್‌ಔಟ್ ಹಾಕಿ, ಉತ್ತರವನ್ನು ಸರಿ ಉತ್ತರದ ಜೊತೆ ತಾಳೆ ನೋಡುವ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಸಾಕು. ದೊಡ್ಡದಾಗಿ ಬೇಕೆಂದರೆ ಡಾಮ್‌ಜಡ್ಜ್ ಎಂಬ ತಂತ್ರಾಂಶ ಉಚಿತವಾಗಿದೆ.

ಈಗ ಎನ್‌ಪಿ. ಮಾಡ್ಯೂಲ್ ಐದರ ಕೊನೆಯ ಎರಡು ಗಂಟೆಯಲ್ಲಿ ಮೂರು ವ್ಯಾಖ್ಯೆ ಬರೆಸಿ ಒಂದು ವೆನ್ ಚಿತ್ರ ಹಾಕಿ ಮುಗಿಸುವ ವಿಷಯವಲ್ಲ ಇದು. ಸ್ಟೀಫನ್ ಕುಕ್ 1971ರಲ್ಲಿ, ಸೋವಿಯತ್ ಒಕ್ಕೂಟದಲ್ಲಿ ಲಿಯೊನಿಡ್ ಲೆವಿನ್ 1973ರಲ್ಲಿ ಬೇರೆ ಬೇರೆಯಾಗಿ ಇದರ ಬುನಾದಿ ಹಾಕಿದರು. ನಡುವೆ 1972ರಲ್ಲಿ ರಿಚರ್ಡ್ ಕಾರ್ಪ್ 21 ಸಮಸ್ಯೆಗಳನ್ನು ಒಂದರಿಂದೊಂದಕ್ಕೆ ಪೋಣಿಸಿ ತೋರಿಸಿದರು. ಪೋಣಿಸುವುದೇ ಇಲ್ಲಿ ಕಲಿಯಬೇಕಾದ ಕೌಶಲ. ಅದನ್ನೇ ನಾವು ಕಲಿಸುತ್ತಿಲ್ಲ. 'ಎನ್‌ಪಿ ಎಂದರೆ ಬಹುಪದೀಯ ಸಮಯದಲ್ಲಿ ಬಿಡಿಸಲಾಗದ್ದು' ಎಂದು ಬರೆದವರಿಗೂ ಎರಡಂಕ ಬೀಳುತ್ತದೆ. (ಬಹುಪದೀಯ ಸಮಯ ಎಂದರೆ ಎನ್ ವರ್ಗ, ಎನ್ ಘನದಂತೆ ಇನ್‌ಪುಟ್ ಉದ್ದದ ನಿಶ್ಚಿತ ಘಾತದಲ್ಲಿ ಏರುವ ಸಮಯ.) ಹಾಗಾದರೆ ಸಾರ್ಟಿಂಗಿನ ನಿರ್ಧಾರ ರೂಪವೂ ಎನ್‌ಪಿಯಲ್ಲಿದೆಯಲ್ಲ? ಎನ್‌ಪಿ ಕೇಳುವುದು ಇಷ್ಟೇ: ಉತ್ತರ ಹೌದು ಎಂದಾದರೆ, ಅದಕ್ಕೊಂದು ಸಾಕ್ಷಿ ಕೊಟ್ಟಾಗ ಬೇಗ ಪರಿಶೀಲಿಸಬಹುದೇ?

ಕಾಲೇಜಿನ ಪರೀಕ್ಷಾ ವೇಳಾಪಟ್ಟಿಯನ್ನೇ ಪಾಠಕ್ಕೆ ಹಿಡಿಯಿರಿ. ಒಬ್ಬನೇ ವಿದ್ಯಾರ್ಥಿ ತೆಗೆದುಕೊಂಡ ಎರಡು ವಿಷಯ ಒಂದೇ ಹೊತ್ತಿಗೆ ಬೀಳಬಾರದು. ಎಲ್ಲವನ್ನೂ ಎರಡು ಅವಧಿಯಲ್ಲಿ ಮುಗಿಸಬಹುದೇ ಎಂದು ಕೇಳಿದರೆ ಬ್ರೆಡ್ತ್ ಫಸ್ಟ್ ಸರ್ಚ್ (ಪದರ ಪದರವಾಗಿ ಹುಡುಕುವುದು) ಸಾಕು, ರೇಖೀಯ ಸಮಯ. ಮೂರು ಅವಧಿಯಲ್ಲಿ ಎಂದು ಕೇಳಿದೊಡನೆ ಅದು ಎನ್‌ಪಿ-ಕಂಪ್ಲೀಟ್, ಅಂದರೆ ಎನ್‌ಪಿಯ ಅತಿ ಕಷ್ಟದ ಲೆಕ್ಕಗಳಲ್ಲೊಂದು. ಸಾಧನೆ (ಪ್ರೂಫ್) ಎರಡು ಹೆಜ್ಜೆಯದು. ಯಾರಾದರೂ ವೇಳಾಪಟ್ಟಿ ಕೊಟ್ಟರೆ ಒಬ್ಬೊಬ್ಬ ವಿದ್ಯಾರ್ಥಿಯ ಹೆಸರು ಹಿಡಿದು ಬೇಗ ಪರಿಶೀಲಿಸಬಹುದು. ಎರಡನೆಯದಾಗಿ, ಎಡ್ಜಿನ ಎರಡು ತುದಿಗೆ ಒಂದೇ ಬಣ್ಣ ಬರದಂತೆ ಮೂರು ಬಣ್ಣ ಹಚ್ಚಬೇಕಾದ ಯಾವುದೇ ಗ್ರಾಫ್ ತೆಗೆದುಕೊಳ್ಳಿ, ಇದು ಕಷ್ಟವೆಂದು ಮೊದಲೇ ಗೊತ್ತು. ನೋಡಿಗೊಂದು ವಿಷಯ, ಎಡ್ಜಿಗೊಬ್ಬ ವಿದ್ಯಾರ್ಥಿ, ಆ ವಿದ್ಯಾರ್ಥಿ ತೆಗೆದುಕೊಂಡದ್ದು ಎಡ್ಜಿನ ಎರಡು ತುದಿಯ ವಿಷಯ. ಗ್ರಾಫಿಗೆ ಮೂರು ಬಣ್ಣ ಸಾಕಾದರೆ ಪರೀಕ್ಷೆಗೆ ಮೂರು ಅವಧಿ ಸಾಕು, ತಿರುಗಿಸಿ ಹೇಳಿದರೂ ಸರಿ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವುದು ಇದರ ತಲೆಕೆಳಗು: ವೇಳಾಪಟ್ಟಿಯನ್ನು ಗ್ರಾಫ್ ಮಾಡಿ, ಬಣ್ಣ ಹಚ್ಚುವುದು ಕಷ್ಟ, ಆದ್ದರಿಂದ ಇದೂ ಕಷ್ಟ ಎನ್ನುತ್ತಾರೆ. ಸುಲಭದ ಲೆಕ್ಕವನ್ನೂ ಕಷ್ಟದ ಲೆಕ್ಕವಾಗಿ ಬದಲಿಸಬಹುದು, ಅದರಿಂದ ಏನೂ ಸಿದ್ಧವಾಗುವುದಿಲ್ಲ. ಕಷ್ಟವೆಂದು ಗೊತ್ತಿರುವುದನ್ನು ಹೊಸದರೊಳಗೆ ತೂರಿಸಬೇಕು. ದಿಕ್ಕು ತಪ್ಪಿದ ರಿಡಕ್ಷನ್ನಿಗೆ (ಒಂದು ಲೆಕ್ಕವನ್ನು ಇನ್ನೊಂದಾಗಿ ಬದಲಿಸುವುದಕ್ಕೆ) ಅಂಕ ಕೊಡಬಾರದು, ಇಷ್ಟನ್ನು ಮೌಲ್ಯಮಾಪನ ಸ್ಕೀಮಿನಲ್ಲಿ ಬರೆದರೂ ಅರ್ಧ ಸಮಸ್ಯೆ ತೀರುತ್ತದೆ.

ಇನ್‌ಪುಟ್ಟಿನ ಉದ್ದ ಎಂದರೆ ಏನು ಎಂಬುದೂ ಗೊಂದಲದ ಗೂಡು. 10 ಟನ್ ಹೊರುವ ಲಾರಿ, ಬೇರೆ ಬೇರೆ ತೂಕ ಮತ್ತು ಬೆಲೆಯ 200 ಅಡಿಕೆ ಚೀಲ. ಒಟ್ಟು ಬೆಲೆ ಅತಿ ಹೆಚ್ಚಾಗುವಂತೆ ಚೀಲ ಆರಿಸಬೇಕು. (ಎಲ್ಲ ಚೀಲದ ತೂಕ ಒಂದೇ ಆಗಿದ್ದರೆ ಬೆಲೆ ಹೆಚ್ಚಿನದು ಮೊದಲು ಎಂಬ ಗ್ರೀಡಿಯೇ ಸಾಕು. ಪರೀಕ್ಷೆಯಲ್ಲಿ ಇದನ್ನೂ ಕೇಳಿ.) ಡೈನಾಮಿಕ್ ಪ್ರೋಗ್ರಾಮಿಂಗ್ (ಸಣ್ಣ ಲೆಕ್ಕಗಳ ಉತ್ತರ ಬರೆದಿಟ್ಟುಕೊಂಡು ದೊಡ್ಡದನ್ನು ಬಿಡಿಸುವ ವಿಧಾನ) ಟೇಬಲ್ಲಿಗೆ ಕಿಲೋ ಲೆಕ್ಕದಲ್ಲಿ 20 ಲಕ್ಷ ಮನೆ. ತೂಕವನ್ನು ಗ್ರಾಮಿನಲ್ಲಿ ಬರೆದರೆ 200 ಕೋಟಿ. ಲಾರಿ ಅದೇ, ಚೀಲ ಅದೇ, ಇನ್‌ಪುಟ್ ಫೈಲಿನಲ್ಲಿ ಸಂಖ್ಯೆಗೆ ಮೂರು ಸೊನ್ನೆ ಹೆಚ್ಚಾಯಿತು ಅಷ್ಟೆ, ಕೆಲಸ ಸಾವಿರ ಪಟ್ಟು ಏರಿತು. ಟೇಬಲ್ ಹಾಕಿದೊಡನೆ ಬಹುಪದೀಯವಾಯಿತು ಎನ್ನುವವರಿಗೆ ಇದನ್ನು ತೋರಿಸಿ. ಪ್ರೈಮ್ (ಅವಿಭಾಜ್ಯ ಸಂಖ್ಯೆ) ಪರೀಕ್ಷೆಯೂ ಹೀಗೆಯೇ: ವರ್ಗಮೂಲದವರೆಗೆ ಭಾಗಿಸಿ ನೋಡುವುದು ಕಣ್ಣಿಗೆ ಚುರುಕು, ಆದರೆ 100 ಅಂಕಿಯ ಸಂಖ್ಯೆಯ ವರ್ಗಮೂಲಕ್ಕೆ 50 ಅಂಕಿ. ಅಂಕಿಗಳ ಸಂಖ್ಯೆಯಲ್ಲಿ ಬಹುಪದೀಯವಾಗಿ ಓಡುವ, ಯಾವ ಊಹೆಯನ್ನೂ ಅವಲಂಬಿಸದ ನಿಶ್ಚಿತ ವಿಧಾನವನ್ನು 2002ರಲ್ಲಿ ಕೊಟ್ಟವರು ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಕೊನೆಯ ಇಬ್ಬರು ಆಗಷ್ಟೇ ಬಿ.ಟೆಕ್. ಮುಗಿಸಿದ್ದರು.

ಕಷ್ಟ ಎಂದು ಸಾಧಿಸಿದ ಮೇಲೆ ಮುಂದೇನು ಎಂಬುದಕ್ಕೂ ಎರಡು ತರಗತಿ ಬಿಡಿ. ಕಾರವಾರದಿಂದ ಹೊರಟು ಜಿಲ್ಲೆಯ 12 ತಾಲೂಕು ಕೇಂದ್ರಗಳನ್ನೂ ಒಮ್ಮೊಮ್ಮೆ ಮುಟ್ಟಿ ವಾಪಸಾಗುವ ಕನಿಷ್ಠ ಸುತ್ತು. ಎಲ್ಲ ಸುತ್ತುಗಳನ್ನೂ ನೋಡಿದರೆ 1,99,58,400. ಇದು ಯಂತ್ರಕ್ಕೆ ಲೆಕ್ಕಕ್ಕೇ ಇಲ್ಲ, ಹಾಗಾಗಿ 12 ಊರಿನ ಪ್ರಯೋಗ ಏನನ್ನೂ ಕಲಿಸದು. 20 ಊರಾದರೆ ಸುತ್ತುಗಳು ಸುಮಾರು 608 ಕೋಟಿ ಕೋಟಿ. ಸೆಕೆಂಡಿಗೆ 10 ಕೋಟಿ ಸುತ್ತು ನೋಡಿದರೂ 19 ವರ್ಷ. 1962ರ ಹೆಲ್ಡ್-ಕಾರ್ಪ್ ಡೈನಾಮಿಕ್ ಪ್ರೋಗ್ರಾಮಿಂಗ್ ಅದನ್ನು ಸುಮಾರು 42 ಕೋಟಿ ಹೆಜ್ಜೆಗೆ ಇಳಿಸುತ್ತದೆ, ಕೆಲವೇ ಸೆಕೆಂಡು. 30 ಊರಿಗೆ ಅದೂ ಕೈಚೆಲ್ಲುತ್ತದೆ, ಸಮಯ ಸಾಲದೆ ಅಲ್ಲ, ಮೆಮೊರಿ ಸಾಲದೆ: ಮನೆಗೆ 4 ಬೈಟ್ ಎಂದರೂ ಟೇಬಲ್ಲಿಗೆ 120 ಜಿಬಿ ಬೇಕು. ಆಗ ಪ್ರಿಮ್‌ಗೆ ನಿಜವಾದ ಕೆಲಸ ಸಿಗುತ್ತದೆ. ಯಾವುದೇ ಸುತ್ತಿನಿಂದ ಒಂದು ಎಡ್ಜು ಕಿತ್ತರೆ ಉಳಿಯುವುದು ಸ್ಪ್ಯಾನಿಂಗ್ ಟ್ರೀ, ಹಾಗಾಗಿ ಕನಿಷ್ಠ ಟ್ರೀ ಕನಿಷ್ಠ ಸುತ್ತಿಗಿಂತ ದೊಡ್ಡದಾಗದು. ಟ್ರೀಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮುಟ್ಟಿದ ಊರುಗಳನ್ನು ಬಿಟ್ಟು ಅಡ್ಡದಾರಿ ಹಿಡಿದರೆ ಕನಿಷ್ಠದ ಎರಡರಷ್ಟರೊಳಗಿನ ಸುತ್ತು ಗ್ಯಾರಂಟಿ. ದೂರಗಳು ತ್ರಿಕೋನ ನಿಯಮ ಪಾಲಿಸಬೇಕು, ಅಡ್ಡದಾರಿ ಹೆಚ್ಚು ಉದ್ದವಾಗಬಾರದು ಎಂಬ ಷರತ್ತು ಇದೆ. ಹೆದ್ದಾರಿಗುಂಟ ಒಂದೇ ಸಾಲಿನಲ್ಲಿರುವ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಕ್ಕಷ್ಟೇ ಹೋಗಿ ಬರುವುದಾದರೆ ಯಾವ ಆಲ್ಗಾರಿದಮ್ಮೂ ಬೇಡ ಎಂಬುದನ್ನು ವಿದ್ಯಾರ್ಥಿ ತಾನೇ ಹೇಳಬೇಕು.

ಇಷ್ಟಕ್ಕೆಲ್ಲ ಸಮಯ ಎಲ್ಲಿಂದ? ಒಂದೇ ವಿಧಾನದ ನಾಲ್ಕು ನಾಲ್ಕು ಟ್ರೇಸಿಂಗ್ ಲೆಕ್ಕಗಳನ್ನು ಬಿಡಿ. ಹಫ್‌ಮನ್, ವಾರ್ಷಲ್, ಹೀಪ್ ಎಂಬ ವಿಧಾನಗಳನ್ನು ಒಮ್ಮೆ ಬಿಡಿಸಿದರೆ ಸಾಕು. ನೂರು ಅಂಕದಲ್ಲಿ ಟ್ರೇಸಿಂಗಿಗೆ 30 ಮೀರಬಾರದು. ಉಳಿದದ್ದು ಹೀಗಿರಲಿ: '5 ಸಂಖ್ಯೆಗಳನ್ನು ಯಾವಾಗಲೂ 6 ಹೋಲಿಕೆಯಲ್ಲಿ ಸಾರ್ಟ್ ಮಾಡಲಾಗದು ಎಂದು ತೋರಿಸಿ.' ಕ್ರಮಗಳು 120, ಆರು ಹೌದು-ಇಲ್ಲಗಳಿಂದ ಬೇರ್ಪಡಿಸಬಹುದಾದದ್ದು 64, ಮುಗಿಯಿತು. ಬಾಯಿಪಾಠಕ್ಕೆ ಸಿಗದ, ಎರಡು ಸಾಲಿನಲ್ಲಿ ಮುಗಿಯುವ ಇಂಥ ಪ್ರಶ್ನೆಗಳು ಬೇಕಾದಷ್ಟಿವೆ. ಒಂದು ಎ4 ಹಾಳೆಯಲ್ಲಿ ಕೈಬರಹದ ಟಿಪ್ಪಣಿ ಒಯ್ಯಲು ಬಿಡಿ, ಸೂಡೋಕೋಡ್ ಉರು ಹೊಡೆಯುವ ಹೊರೆ ತಪ್ಪುತ್ತದೆ.

ವೈವಾದಲ್ಲಿ ಕನ್ನಡಕ್ಕೆ ಅವಕಾಶ ಕೊಡಿ. ಜೋಯಿಡಾ, ಮುಂಡಗೋಡ ಕಡೆಯಿಂದ ಕನ್ನಡ ಶಾಲೆಯಲ್ಲಿ ಓದಿ ಬಂದ ಮಕ್ಕಳು ಸರಿಯಾದ ವಾದವನ್ನು ಮನಸ್ಸಿನಲ್ಲಿಟ್ಟುಕೊಂಡು ಇಂಗ್ಲಿಷ್ ವಾಕ್ಯಕ್ಕಾಗಿ ತಡಕಾಡುತ್ತಾರೆ, ಕೊನೆಗೆ ಉರು ಹೊಡೆದ ವ್ಯಾಖ್ಯೆ ಒಪ್ಪಿಸಿ ಕೈತೊಳೆದುಕೊಳ್ಳುತ್ತಾರೆ. 'ಇದನ್ನು ತೆಗೆದು ಅದನ್ನಿಟ್ಟರೆ ಏನೂ ಕೆಡುವುದಿಲ್ಲ ಸರ್' ಎಂದು ಹೇಳಿದವರಿಗೆ ಎಕ್ಸ್‌ಚೇಂಜ್ (ಅದಲುಬದಲು) ವಾದ ಗೊತ್ತಿದೆ.

ಮೌಲ್ಯಮಾಪನ ಕೇಂದ್ರದ ಕಷ್ಟ ನಮಗೆ ಗೊತ್ತಿದೆ. ಒಬ್ಬರ ಮುಂದೆ ಉತ್ತರಪತ್ರಿಕೆಗಳ ಕಟ್ಟು, ಕೈಯಲ್ಲಿ ಸ್ಕೀಮು. ಟ್ರೇಸಿಂಗಿಗೆ ಒಂದೇ ಉತ್ತರ, ಕಣ್ಣಾಡಿಸಿದರೆ ಸಾಕು. ಸಾಧನೆಗೆ ಹಲವು ಸರಿ ಉತ್ತರ. ಇದಕ್ಕೆ ಮಾದರಿ ಉತ್ತರ ಕೊಟ್ಟರೆ ಸಾಲದು, ಹೆಜ್ಜೆಗೆ ಅಂಕ ಕೊಡಬೇಕು. ಗ್ರೀಡಿಯ ಹತ್ತು ಅಂಕದ ಪ್ರಶ್ನೆಗೆ ಏನನ್ನು ಸಾಧಿಸಬೇಕೆಂದು ಸ್ಪಷ್ಟವಾಗಿ ಬರೆದರೆ 2, ಅದಲುಬದಲು ಮಾಡಿದರೂ ನಿಯಮ ಮುರಿಯದು ಎಂದು ಕಾರಣ ಸಹಿತ ತೋರಿಸಿದರೆ 5, ಉಳಿದವಕ್ಕೆ ಹೇಗೆ ವಿಸ್ತರಿಸುತ್ತದೆ ಎಂದರೆ 2, ಸಮಯದ ಲೆಕ್ಕಕ್ಕೆ 1. ತಪ್ಪು ನಿಯಮಕ್ಕೆ ಸರಿಯಾದ ಪ್ರತ್ಯುದಾಹರಣೆ ಕೊಟ್ಟರೆ ವಿವರಣೆ ಇಲ್ಲದಿದ್ದರೂ ಪೂರ್ತಿ ಅಂಕ. ಹೀಗೆ ಬರೆದ 40 ಪ್ರಶ್ನೆ ಮತ್ತು ಸ್ಕೀಮುಗಳನ್ನು ಮಂಡಳಿಗೆ ಒಪ್ಪಿಸಲು ನಾವು ಸಿದ್ಧರಿದ್ದೇವೆ.

ವಿಭಾಗದ ಮುಖ್ಯಸ್ಥರಲ್ಲಿ ಒಂದು ಮಾತು. ಪ್ರಶ್ನೆಪತ್ರಿಕೆ ಬದಲಾಗಲು ಮಂಡಳಿಯ ಠರಾವು ಬೇಕು, ಸರಿ. ಇಂಟರ್ನಲ್ಸ್ ಪ್ರಶ್ನೆ ತೆಗೆಯುವುದು ನಿಮ್ಮದೇ ಕೈಯಲ್ಲಿದೆ, ಲ್ಯಾಬ್ ರೆಕಾರ್ಡಿಗೆ ಸಹಿ ಹಾಕುವುದೂ ನೀವೇ. 5000ಕ್ಕೆ ಮರ್ಜ್ ಸಾರ್ಟ್ ಅಳೆದು ಚಂದದ ವಕ್ರರೇಖೆ ಬಿಡಿಸಿ ತಂದವರನ್ನು ಈ ಸೆಮಿಸ್ಟರಿನಿಂದಲೇ ಯಂತ್ರದ ಮುಂದೆ ಕೂರಿಸಿ, ಅದೇ ಅಂಕಿ ಇನ್ನೊಮ್ಮೆ ತರಿಸಿ ನೋಡಿ, ಆಮೇಲೆ ಸಹಿ ಹಾಕಿ.

ತಮ್ಮ ವಿಶ್ವಾಸಿಗಳು,
ಉತ್ತರ ಕನ್ನಡದ ಕೆಲವು ಆಲ್ಗಾರಿದಮ್ ಅಧ್ಯಾಪಕರು ಮತ್ತು ಹಳೆಯ ವಿದ್ಯಾರ್ಥಿಗಳು